ಲೈಪೋ ಬ್ಯಾಟರಿಯ ಪ್ಲಗ್ ಬದಲಿಸಬೇಕು, ಶಾರ್ಟ್ ಆಗದಂತೆ ಸೋಲ್ಡರ್ ಮಾಡುವುದು ಹೇಗೆ?

ದಾವಣಗೆರೆ ಗ್ಲೈಡರ್

ಎಲ್ಲರಿಗೂ ನಮಸ್ಕಾರ. ಆರ್‌ಸಿ (ರಿಮೋಟ್‌ನಲ್ಲಿ ಹಾರಿಸುವ) ವಿಮಾನದ ಹುಚ್ಚು ಈಚೆಗೆ ಹಿಡಿದಿದೆ. ಗೆಳೆಯನೊಬ್ಬ ತಾನು ಬಳಸುತ್ತಿದ್ದ 3ಎಸ್ (ಮೂರು ಸೆಲ್ ಸಾಲಾಗಿ ಸೇರಿಸಿದ) 2200 ಎಂಎಎಚ್ ಲೈಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ, ಕೊಟ್ಟಿದ್ದಾನೆ. ಮೇಲೆ 25ಸಿ (ಎಷ್ಟು ಜೋರಾಗಿ ಕರೆಂಟ್ ಕೊಡಬಲ್ಲದು ಎಂಬ ಅಂಕೆ) ಎಂದಿದೆ. ಉಬ್ಬಿಲ್ಲ. ಆದರೆ ಅದರ ತುದಿಯಲ್ಲಿ ಟಿ-ಪ್ಲಗ್ ಇದೆ, ನನ್ನ ಇಎಸ್‌ಸಿ (ಮೋಟರ್‌ನ ವೇಗ ನಿಯಂತ್ರಿಸುವ ಸರ್ಕ್ಯೂಟ್) ಮತ್ತು ಚಾರ್ಜರ್ ಎರಡರಲ್ಲೂ ಎಕ್ಸ್‌ಟಿ60 ಎಂಬ ಬೇರೆ ಬಗೆಯ ಪ್ಲಗ್. ಹಾಗಾಗಿ ಬ್ಯಾಟರಿಯ ಪ್ಲಗ್ಗನ್ನೇ ಬದಲಿಸಬೇಕು ಅಂದುಕೊಂಡಿದ್ದೇನೆ.

ಮನೆಯಲ್ಲಿ 25 ವ್ಯಾಟ್ ಸೋಲ್ಡರಿಂಗ್ ಐರನ್ ಇದೆ, ಚೂಪು ಬಿಟ್‌ನದು. ಕಾಲೇಜು ಪ್ರಾಜೆಕ್ಟ್‌ನ ಎಲ್‌ಇಡಿ, ರೆಸಿಸ್ಟರ್ ಎಲ್ಲ ಅದರಲ್ಲೇ ಮಾಡಿದ್ದು. ಬ್ಯಾಟರಿ ಮುಟ್ಟುವ ಮೊದಲು ಒಂದು ಖಾಲಿ ಎಕ್ಸ್‌ಟಿ60ಗೆ ದಪ್ಪ ವೈರಿನ ತುಂಡು ಹಾಕಿ ನೋಡಿದೆ. ಲೆಡ್ (ಸೋಲ್ಡರ್ ತಂತಿ) ಕರಗಿ ಉಂಡೆಯಾಗಿ ಮೇಲೆ ಕೂರುತ್ತದೆ, ಒಳಗೆ ಇಳಿಯುವುದೇ ಇಲ್ಲ. ಜಾಸ್ತಿ ಹೊತ್ತು ಹಿಡಿದರೆ ಹಳದಿ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ವಾಲುತ್ತದೆ.

ಕೇಳಬೇಕಾದ್ದು ಇಷ್ಟು. ಐರನ್ ಬದಲಿಸಲೇಬೇಕಾ? ಕೆಲಸಕ್ಕೆ ಮುಂಚೆ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಬೇಕಾ? ಬಿಸಿ ವೈರಿನಲ್ಲಿ ಹರಿದು ಸೆಲ್ ಹಾಳಾಗುತ್ತದಾ? ಮತ್ತೆ ಎಕ್ಸ್‌ಟಿ60ಯಲ್ಲಿ ಯಾವ ಅರ್ಧ ಬ್ಯಾಟರಿಗೆ, ಯಾವುದು ಇಎಸ್‌ಸಿಗೆ? ಅಪ್ಪ ಆಗಲೇ "ಬ್ಯಾಟರಿ ಹತ್ತಿರ ಐರನ್ ತಂದರೆ ನೋಡು" ಎಂದು ಬೈದಿದ್ದಾರೆ, ಹಾಗಾಗಿ ಸರಿಯಾಗಿ ತಿಳಿದುಕೊಂಡೇ ಕೈ ಹಾಕುತ್ತೇನೆ.

ಹಳೇ ಕ್ವಾಡ್, ಮೈಸೂರು

ನಿಮ್ಮ ಅಪ್ಪ ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅವರು ಹೆದರುತ್ತಿರುವುದು ಐರನ್‌ನ ಬಿಸಿಗೆ. ನೀವು ಹೆದರಬೇಕಾದ್ದು ಕತ್ತರಿಗೆ.

ಬೇರೆ ಯಾವ ಸೋಲ್ಡರಿಂಗ್ ಕೆಲಸದಲ್ಲೂ ಪ್ಲಗ್ ಕಿತ್ತು, ಸ್ವಿಚ್ ಆಫ್ ಮಾಡಿ ಶುರು ಮಾಡುತ್ತೇವೆ. ಬ್ಯಾಟರಿಗೆ ಸ್ವಿಚ್ ಇಲ್ಲ. ಎರಡು ವೈರಿನ ತುದಿ ಯಾವಾಗಲೂ ಜೀವಂತ. ನಿಮ್ಮ ಪ್ಯಾಕ್‌ನ ಒಳಗಿನ ರೆಸಿಸ್ಟೆನ್ಸ್ ಒಂದು ಸೆಲ್‌ಗೆ 5 ಮಿಲಿ ಓಮ್ ಅಂತ ಇಟ್ಟುಕೊಳ್ಳಿ, ಮೂರಕ್ಕೆ 15. ಸುಮಾರು 12 ವೋಲ್ಟನ್ನು ಅದರಿಂದ ಭಾಗಿಸಿದರೆ 800 ಆಂಪ್. ವೈರು, ಜಾಯಿಂಟ್ ಎಲ್ಲ ಸೇರಿ ಕಡಿಮೆಯಾದರೂ ನೂರಾರು ಆಂಪ್ ಅಂತೂ ಹರಿಯುತ್ತದೆ. ಮನೆಯಲ್ಲಿ ಆದರೆ ಎಂಸಿಬಿ ಟಕ್ ಅಂತ ಬೀಳುತ್ತದೆ, ಇಲ್ಲಿ ಬೀಳುವುದಕ್ಕೆ ಏನೂ ಇಲ್ಲ. ಹಳೆ ಪ್ಲಗ್ ಹಾರಿಸಲು ಎರಡೂ ವೈರನ್ನು ಒಟ್ಟಿಗೆ ಕತ್ತರಿಯ ಬಾಯಿಗೆ ಕೊಟ್ಟರೆ ಕತ್ತರಿಯೇ ಶಾರ್ಟ್. ಅಲಗಿನಲ್ಲಿ ಗುಂಡಿ ಬೀಳುತ್ತದೆ, ಕರಗಿದ ಲೋಹ ಮುಖಕ್ಕೆ ಸಿಡಿಯುತ್ತದೆ.

ಆದ್ದರಿಂದ ನಿಯಮ ಒಂದೇ: ಯಾವ ಹೊತ್ತಿನಲ್ಲೂ ಬರಿಮೈ ವೈರು ಒಂದಕ್ಕಿಂತ ಜಾಸ್ತಿ ಇರಬಾರದು. ಒಂದು ವೈರು ಕತ್ತರಿಸಿ. ಇನ್ನೊಂದು ಹಳೆ ಪ್ಲಗ್‌ನಲ್ಲೇ ಇರಲಿ, ಆ ಪ್ಲಗ್ ಮೇಲೆ ಇನ್ಸುಲೇಶನ್ ಟೇಪ್ ಸುತ್ತಿ. ಕತ್ತರಿಸಿದ ವೈರಿಗೆ ಮೊದಲು ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ತಾಗಿದರೆ ಕುಗ್ಗಿ ಹಿಡಿಯುವ ಕೊಳವೆ) ತೂರಿಸಿ ದೂರ ತಳ್ಳಿ. ಇದನ್ನು ಮರೆಯದವರೇ ಇಲ್ಲ, ಬೆಸುಗೆ ಮುಗಿದ ಮೇಲೆ ಸ್ಲೀವ್ ಮೇಜಿನ ಮೇಲೆ ಕೂತು ನಗುತ್ತಿರುತ್ತದೆ. ಕನೆಕ್ಟರ್‌ನ ಕಪ್ಪಿನ (ಪಿನ್ನಿನ ಹಿಂಬದಿಯಲ್ಲಿ ವೈರು ಕೂರುವ ಬಟ್ಟಲಿನ) ಆಳದಷ್ಟೇ ಸಿಲಿಕಾನ್ ಸಿಪ್ಪೆ ಬಿಡಿಸಿ, ಸೋಲ್ಡರ್ ಮಾಡಿ, ತಣಿದ ಮೇಲೆ ಸ್ಲೀವ್ ಎಳೆದು ಮುಚ್ಚಿ. ಅದು ಪೂರ್ತಿ ಮುಚ್ಚಿದ ಮೇಲೆ ಮಾತ್ರ ಎರಡನೆಯ ವೈರಿಗೆ ಕತ್ತರಿ. ಈ ಕ್ರಮ ಬಿಟ್ಟರೆ ಇನ್ನೊಂದು ಅಪಾಯವೂ ಇದೆ. ಎಕ್ಸ್‌ಟಿ60ಯ ಎರಡು ಕಪ್ಪುಗಳ ನಡುವೆ ಜಾಗ ಕಡಿಮೆ, ಅಗಲ ಬಿಟ್ ಇಟ್ಟಾಗ ಅದೇ ಎರಡನ್ನೂ ಮುಟ್ಟಿಬಿಡಬಹುದು.

ಬ್ಯಾಲೆನ್ಸ್ ಪ್ಲಗ್ಗನ್ನೂ ಮರೆಯಬೇಡಿ, ಚಾರ್ಜರ್ ಒಂದೊಂದೇ ಸೆಲ್ಲನ್ನು ನೋಡಿಕೊಳ್ಳಲು ಇರುವ ಆ ಬಿಳಿ ಜೆಎಸ್‌ಟಿ ಪ್ಲಗ್. ಅದರ ತೆಳು ವೈರುಗಳೂ ಅದೇ ಸೆಲ್‌ಗಳಿಗೇ ಸೇರಿವೆ. ಟೇಪ್ ಸುತ್ತಿ ಪಕ್ಕಕ್ಕೆ ಇಡಿ. ಉಂಗುರ, ಕಡಗ, ಸ್ಟೀಲ್ ಚೈನಿನ ವಾಚು ಎಲ್ಲ ಬಿಚ್ಚಿಡಿ. ಸ್ಟೀಲ್ ತಟ್ಟೆ ಮೇಲೆ ಕೆಲಸ ಮಾಡಬೇಡಿ. ಹಳೆ ಟೈಲ್ ಅಥವಾ ಕಡಪ ಕಲ್ಲಿನ ತುಂಡು ಇದ್ದರೆ ಅದು ಚೆನ್ನ.

ಖಾಲಿ ಮಾಡುವ ವಿಷಯ: ಪೂರ್ತಿ ಖಾಲಿ ಮಾಡಬಾರದು. ಸೆಲ್ 3 ವೋಲ್ಟ್‌ಗಿಂತ ಕೆಳಗೆ ಹೋದರೆ ಪ್ಯಾಕೇ ಹಾಳು. ಚಾರ್ಜರ್‌ನಲ್ಲಿ ಸ್ಟೋರೇಜ್ ಮೋಡ್ ಇರುತ್ತದಲ್ಲ, ಸೆಲ್‌ಗೆ 3.8 ವೋಲ್ಟ್ ಹತ್ತಿರ ತಂದು ನಿಲ್ಲಿಸುತ್ತದೆ, ಅಷ್ಟು ಸಾಕು. ಟಿ-ಪ್ಲಗ್‌ನಿಂದ ಎಕ್ಸ್‌ಟಿ60ಗೆ ರೆಡಿಮೇಡ್ ಅಡಾಪ್ಟರ್ ಸಿಗುತ್ತದೆ, ಅದರಲ್ಲಿ ಮಾಡಿಕೊಳ್ಳಿ. ತುಂಬಿದ ಪ್ಯಾಕ್ ಹೊತ್ತಿಕೊಂಡಷ್ಟು ಜೋರಾಗಿ ಅರ್ಧ ಖಾಲಿ ಪ್ಯಾಕ್ ಹೊತ್ತಿಕೊಳ್ಳುವುದಿಲ್ಲ. ಆದರೆ ಶಾರ್ಟ್ ಆದರೆ ಕಿಡಿ ಎರಡರಲ್ಲೂ ಒಂದೇ, ಅದರಲ್ಲಿ ಮೋಸ ಹೋಗಬೇಡಿ. ಬೇರೆಯವರ ಪ್ಯಾಕ್ ಆದ್ದರಿಂದ ಮೂರೂ ಸೆಲ್‌ನ ವೋಲ್ಟೇಜನ್ನು ಬ್ಯಾಲೆನ್ಸ್ ಪ್ಲಗ್‌ನಲ್ಲಿ ಒಮ್ಮೆ ಅಳೆಯಿರಿ. ಒಂದು ಸೆಲ್ ತೀರಾ ಕೆಳಗಿದ್ದರೆ ಈ ಶ್ರಮವೇ ಬೇಡ.

ಯಾವ ಅರ್ಧ ಎಂದು ಕೇಳಿದಿರಿ. ತೂತಿನ ಪಿನ್ ಪ್ಲಾಸ್ಟಿಕ್ ಒಳಗೆ ಅಡಗಿರುವುದು ಬ್ಯಾಟರಿಗೆ. ಕಡ್ಡಿಯಂತೆ ಪಿನ್ ಕಾಣುವುದು ಇಎಸ್‌ಸಿಗೆ, ಚಾರ್ಜರ್‌ಗೆ. ಕರೆಂಟ್ ಇರುವ ಕಡೆ ಲೋಹ ಹೊರಗೆ ಕಾಣಬಾರದು ಎಂಬ ಲೆಕ್ಕ. ಪ್ಲಸ್, ಮೈನಸ್ ಗುರುತು ಪ್ಲಾಸ್ಟಿಕ್ ಮೇಲೇ ಅಚ್ಚಾಗಿದೆ. ಬೆಳಕಿಗೆ ಹಿಡಿದು ನೋಡಿ, ಬೇಕಾದರೆ ಮಾರ್ಕರ್‌ನಲ್ಲಿ ಕೆಂಪು ಚುಕ್ಕೆ ಇಡಿ.

ರೇಡಿಯೋ ರಿಪೇರಿ, ಶಿರಸಿ

ಮೇಲಿನವರು ಬ್ಯಾಟರಿ ಕಡೆಯದು ಪೂರ್ತಿ ಹೇಳಿದ್ದಾರೆ. ಐರನ್ ಕಡೆಯದು ನಾನು ಹೇಳುತ್ತೇನೆ ತಮ್ಮಾ.

25 ವ್ಯಾಟ್ ಬಿಟ್ಟುಬಿಡು. ಸಣ್ಣ ಐರನ್ ಬ್ಯಾಟರಿಗೆ ಸೇಫು ಅಂತ ಬಹಳ ಜನ ಅಂದುಕೊಳ್ಳುತ್ತಾರೆ, ಅದು ಉಲ್ಟಾ. ನಿನ್ನ ವೈರು 14 ಗೇಜ್ ಇರಬೇಕು, ಸುಮಾರು 2 ಚದರ ಮಿಲಿಮೀಟರ್ ತಾಮ್ರ. ಅದರ ಜೊತೆಗೆ ಕಪ್ಪಿನ ದಪ್ಪ ಲೋಹ. ಚೂಪು ಬಿಟ್ ಇಟ್ಟ ತಕ್ಷಣ ಅದರಲ್ಲಿದ್ದ ಬಿಸಿಯನ್ನೆಲ್ಲ ಎರಡೂ ಹೀರಿಕೊಳ್ಳುತ್ತವೆ, 25 ವ್ಯಾಟ್‌ಗೆ ಅದನ್ನು ತುಂಬಿಕೊಡುವ ತಾಕತ್ತು ಇಲ್ಲ. ನೀನು ಅರ್ಧ ನಿಮಿಷ ಹಿಡಿದೇ ಇರುತ್ತೀಯ. ಅಷ್ಟರಲ್ಲಿ ಬಿಸಿ ಪ್ಲಾಸ್ಟಿಕ್‌ಗೂ ಹೋಯಿತು, ವೈರಿನಲ್ಲಿ ಬ್ಯಾಟರಿ ಕಡೆಗೂ ಹೋಯಿತು, ಜಾಯಿಂಟ್ ಮಾತ್ರ ಆಗಲಿಲ್ಲ. ಅದೇ 60 ವ್ಯಾಟ್ ಅಥವಾ 80 ವ್ಯಾಟ್‌ನ ಐರನ್, ಉಳಿಯಂಥ ಅಗಲ ಬಿಟ್, 380 ಡಿಗ್ರಿ ಆಸುಪಾಸು ಇಟ್ಟರೆ ಮೂರು ನಾಲ್ಕು ಸೆಕೆಂಡಿಗೆ ಮುಗಿಯುತ್ತದೆ. ಬಿಸಿ ಸೆಲ್ ತನಕ ಹೋಗುವುದಕ್ಕೆ ಸಮಯವೇ ಸಿಗುವುದಿಲ್ಲ. ಆರು ಸೆಕೆಂಡಾದರೂ ಹರಿಯದಿದ್ದರೆ ಐರನ್ ತೆಗೆ, ಎಲ್ಲ ತಣಿಯಲಿ, ಮತ್ತೆ ನೋಡು. ಕನೆಕ್ಟರ್‌ನಿಂದ ಎರಡು ಮೂರು ಇಂಚು ದೂರದಲ್ಲಿ ವೈರು ಕೈಗೆ ಬಿಸಿ ಹತ್ತಿದರೆ ನಿಲ್ಲಿಸಲೇಬೇಕು. ವೈರನ್ನು ತೀರಾ ಗಿಡ್ಡ ಮಾಡಬೇಡ.

ಲೆಡ್ 60/40 ಅಥವಾ 63/37 ತಗೋ. 63/37 ಸರಿಯಾಗಿ 183 ಡಿಗ್ರಿಗೆ ಕರಗುತ್ತದೆ. ಲೆಡ್ ಇಲ್ಲದ ಸೋಲ್ಡರ್‌ಗೆ 217ಕ್ಕಿಂತ ಜಾಸ್ತಿ ಬೇಕು, ಈ ಕೆಲಸಕ್ಕೆ ಸುಮ್ನೆ ತಲೆನೋವು. ಫ್ಲಕ್ಸ್ (ಲೆಡ್ ಚೆನ್ನಾಗಿ ಹಿಡಿಯಲು ಹಚ್ಚುವುದು) ರೋಸಿನ್‌ನದೇ, ಅಂದರೆ ಮರದ ರಾಳದ್ದೇ ಇರಲಿ. ಪ್ಲಂಬರ್ ಬಳಸುವ ಆಸಿಡ್ ಫ್ಲಕ್ಸ್ ಚೆನ್ನಾಗಿ ಹಿಡಿಸುತ್ತದೆ ನಿಜ, ಆದರೆ ಅದು ಎಳೆಗಳ ನಡುವೆ ನುಗ್ಗಿ ಕೂತು ನಿಧಾನಕ್ಕೆ ತಾಮ್ರ ತಿನ್ನುತ್ತದೆ.

ವೈರು, ಕಪ್ಪು ಎರಡನ್ನೂ ಬೇರೆ ಬೇರೆ ಟಿನ್ನಿಂಗ್ ಮಾಡು, ಅಂದರೆ ಜೋಡಿಸುವ ಮೊದಲೇ ಲೆಡ್ ಹಿಡಿಸು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಮೊದಲು ಕಾಯಿಸಿ, ನವಸಾಗರ ಉಜ್ಜಿ, ಆಮೇಲೆ ತವರ ಸವರುತ್ತಿದ್ದರು ನೋಡು, ಹಾಗೆ. ಕಾದಿರಬೇಕಾದ್ದು ಪಾತ್ರೆ, ತವರ ತಾನೇ ಹರಡುತ್ತದೆ. ವೈರಿನ ಎಳೆಗಳನ್ನು ಹುರಿ ಮಾಡಿ, ಫ್ಲಕ್ಸ್ ಹಚ್ಚಿ, ಐರನ್ ಕೆಳಗಿನಿಂದ ಇಟ್ಟು ಲೆಡ್ಡನ್ನು ಮೇಲಿನಿಂದ ಕೊಡು. ಐರನ್‌ಗೆ ಲೆಡ್ ಮುಟ್ಟಿಸಿ ವೈರಿಗೆ ಬಳಿಯುವುದಲ್ಲ. ವೈರು ಒಳಗಿನ ತನಕ ಕುಡಿಯಬೇಕು, ಆದರೆ ಸಿಲಿಕಾನ್ ಸಿಪ್ಪೆಯ ಒಳಗೆ ಜಾಸ್ತಿ ದೂರ ಏರಬಾರದು, ಅಲ್ಲಿ ವೈರು ಗಡುಸಾಗಿ ಮುಂದೆ ಮುರಿಯುತ್ತದೆ. ಕಪ್ಪಿಗೆ ಅರ್ಧದಷ್ಟು ಲೆಡ್ ತುಂಬು. ಆಮೇಲೆ ಕಪ್ಪಿನ ಹೊರಗಡೆಯಿಂದ ಬಿಸಿ ಕೊಟ್ಟು, ಒಳಗಿನ ಲೆಡ್ ನೀರಾದ ಕ್ಷಣ ವೈರು ಇಳಿಸು, ಐರನ್ ತೆಗೆ, ಅಲ್ಲಾಡಿಸದೆ ಹಿಡಿ. ಬಾಯಿಂದ ಊದಬೇಡ. ಹೊಳಪಾಗಿ, ಅಂಚಿನಲ್ಲಿ ಇಳಿಜಾರಾಗಿ ಕೂತಿದ್ದರೆ ಸರಿ. ಮಂಕಾಗಿ, ಉಂಡೆಯಾಗಿ ಇದ್ದರೆ ಅದು ಡ್ರೈ ಸೋಲ್ಡರ್. ಮೀಟರ್ ಇಟ್ಟರೆ ಸರಿ ಎಂದೇ ತೋರಿಸುತ್ತದೆ, ವಿಮಾನ ಮೇಲೆ ಹೋಗಿ ನಲವತ್ತು ಆಂಪ್ ಎಳೆದಾಗ ಬಣ್ಣ ಬಯಲು.

ಪ್ಲಾಸ್ಟಿಕ್ ಕರಗಿ ಪಿನ್ ವಾಲದಂತೆ, ಕೆಲಸ ಮಾಡುವಾಗ ಎದುರು ಅರ್ಧವನ್ನು ಅದಕ್ಕೆ ಸಿಕ್ಕಿಸಿಡು. ಪಿನ್ ನೇರ ನಿಲ್ಲುತ್ತದೆ, ಬಿಸಿಯೂ ಸ್ವಲ್ಪ ಅತ್ತ ಹೋಗುತ್ತದೆ.

ಹಳೇ ಕ್ವಾಡ್, ಮೈಸೂರು

ಶಿರಸಿಯವರ ಕೊನೆಯ ಮಾತಿಗೆ ಒಂದು ಸೇರಿಸಬೇಕು. ಹಾಗೆ ಸಿಕ್ಕಿಸಿದ ಎದುರು ಅರ್ಧಕ್ಕೆ ಯಾವ ವೈರೂ ಇರಬಾರದು, ಇಎಸ್‌ಸಿಯಂತೂ ಇರಲೇಬಾರದು. ಮತ್ತೆ ಎರಡನೆಯ ವೈರು ಕೂತ ಕ್ಷಣದಿಂದ ಆ ಖಾಲಿ ಅರ್ಧದ ಹಿಂದಿನ ಎರಡು ಕಪ್ಪುಗಳಲ್ಲೂ ಬ್ಯಾಟರಿ ವೋಲ್ಟೇಜ್ ಬಂದುಬಿಟ್ಟಿರುತ್ತದೆ! ಈ ಕಡೆ ಅಷ್ಟು ಜೋಪಾನ ಮಾಡಿ, ಆ ಕಡೆ ಎರಡು ತೆರೆದ ಕಪ್ಪು ಮೇಜಿನ ಮೇಲಿನ ಇಕ್ಕುಳಕ್ಕೆ ತಾಗಿದರೆ ಮುಗಿಯಿತು. ಸಿಕ್ಕಿಸುವ ಮೊದಲೇ ಅದರ ಹಿಂಭಾಗಕ್ಕೆ ಟೇಪ್ ಮೆತ್ತಿ.

ಐರನ್ ತರಲು ಹೊರಟರೆ ಕನೆಕ್ಟರನ್ನೂ ನೋಡಿ ತನ್ನಿ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲೂ ಸಿಗುತ್ತವೆ, ಆನ್‌ಲೈನ್‌ನಲ್ಲೂ ಸಿಗುತ್ತವೆ, ನಕಲಿಯೂ ಬೇಕಾದಷ್ಟು ಇವೆ. ಅಮಾಸ್ ಎಂದು ಅಚ್ಚಿರುವುದು ಮೂಲ ಕಂಪನಿಯದು, ಅದರ ನೈಲಾನ್ ಬಿಸಿ ತಡೆಯುತ್ತದೆ. ಅಗ್ಗದವು ಐರನ್ ಕಂಡರೇ ಬೆವರುತ್ತವೆ.

ಗ್ಯಾರೇಜ್, ತುಮಕೂರು

ಮೊದಲು ನೆಗೆಟಿವ್ ಕತ್ತರಿಸಬೇಕು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಇದನ್ನು ಯಾರೂ ಹೇಳಲಿಲ್ಲವಲ್ಲ? ನಾವು ದಿನಾ ಮಾಡುವ ಕೆಲಸ ಇದು.

ಹಳೇ ಕ್ವಾಡ್, ಮೈಸೂರು

ಸರ್, ಕಾರಿನಲ್ಲಿ ಅದು ನೂರಕ್ಕೆ ನೂರು ಸರಿ. ಅಲ್ಲಿ ಬಾಡಿ ಪೂರ್ತಿ ನೆಗೆಟಿವ್. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಶಾರ್ಟ್, ಅದಕ್ಕೇ ನೆಗೆಟಿವ್ ಮೊದಲು. ಇಲ್ಲಿ ಬಾಡಿಯೇ ಇಲ್ಲ, ಪ್ಯಾಕ್ ಗಾಳಿಯಲ್ಲಿ ತೇಲಿದ ಹಾಗೆ. ಯಾವುದು ಮೊದಲಾದರೂ ನಡೆಯುತ್ತದೆ, ಒಂದು ಮುಚ್ಚದೆ ಇನ್ನೊಂದು ತೆರೆಯಬಾರದು ಅಷ್ಟೆ. ಆದರೆ ನಿಮ್ಮ ಮಾತಿನಿಂದ ಒಂದು ನೆನಪಾಯಿತು. ಸೋಲ್ಡರ್ ಮಾಡುವಾಗ ಬ್ಯಾಟರಿ ಚಾರ್ಜರ್‌ಗೆ ಸೇರಿರಬಾರದು, ಬ್ಯಾಲೆನ್ಸ್ ಪ್ಲಗ್ ಕೂಡ ಸೇರಿರಬಾರದು. ಮೂರು ಪಿನ್ನಿನ ಐರನ್‌ಗಳಲ್ಲಿ ಬಿಟ್ ಅರ್ತ್‌ಗೆ ಸೇರಿರುತ್ತದೆ. ಆ ಕಡೆ ಚಾರ್ಜರ್ ಮೂಲಕ ಬ್ಯಾಟರಿಯ ಒಂದು ತುದಿಯೂ ಅರ್ತ್‌ಗೆ ಸೇರಿದ್ದರೆ ಬಿಟ್ ಮುಟ್ಟಿಸಿದ ಕೂಡಲೇ ಸರ್ಕ್ಯೂಟ್ ಪೂರ್ತಿಯಾಗುತ್ತದೆ.

ಆರ್‌ಸಿ ದೋಣಿ, ಮಂಗಳೂರು

ಎಲ್ಲರೂ ಜಾಯಿಂಟ್ ಬಗ್ಗೆ ಹೇಳಿದಿರಿ. ಹೊತ್ತಿಕೊಂಡರೆ ಏನು ಮಾಡುವುದು ಎಂದು ಯಾರೂ ಹೇಳಲಿಲ್ಲ. ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ. ನೀರು ಹಾಕಲೇಬಾರದು ಎಂದು ಕೇಳಿದ್ದೇನೆ, ಲಿಥಿಯಂ ನೀರಿಗೆ ಸಿಡಿಯುತ್ತದಂತೆ ಅಲ್ವಾ?

ರೇಡಿಯೋ ರಿಪೇರಿ, ಶಿರಸಿ

ಶಾಲೆಯಲ್ಲಿ ಓದಿದ ಲಿಥಿಯಂ ಲೋಹ ಬೇರೆ, ಇದು ಬೇರೆ. ಲೈಪೋದಲ್ಲಿ ಲಿಥಿಯಂ ಅಯಾನು ರೂಪದಲ್ಲಿರುತ್ತದೆ, ಲೋಹದ ತುಂಡಾಗಿ ಅಲ್ಲ. ಇಂಥ ಬೆಂಕಿಗೆ ನೀರೇ ಒಳ್ಳೆಯದು, ಬಹಳ ನೀರು. ಯಾಕೆಂದರೆ ಅದು ತಣಿಸುತ್ತದೆ. ಒಂದು ಸೆಲ್ ಹೊತ್ತಿದರೆ ಅದರ ಬಿಸಿಗೆ ಪಕ್ಕದ್ದು ಹೊತ್ತುತ್ತದೆ, ಅದನ್ನು ತಡೆಯುವುದು ತಂಪು ಮಾತ್ರ. ಮರಳು ಜ್ವಾಲೆ ಆಚೀಚೆ ಹಾರದಂತೆ ಹಿಡಿದಿಡುತ್ತದೆ, ಒಳಗಿನ ಬಿಸಿ ಹಾಗೇ ಇರುತ್ತದೆ. ಇಷ್ಟು ಸಣ್ಣ ಪ್ಯಾಕ್‌ಗೆ ಅಷ್ಟು ಸಾಕು, ಹಾಗಾಗಿ ಮರಳೂ ಇರಲಿ.

ಅದಕ್ಕಿಂತ ಮುಖ್ಯ ಹೊಗೆ. ಅದರಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಎದೆಗೆ ಬಹಳ ಕೆಟ್ಟದ್ದು. ಆದ್ದರಿಂದ ಈ ಕೆಲಸ ಹಾಸಿಗೆ ಇರುವ ಕೋಣೆಯಲ್ಲಿ ಬೇಡ. ಜಗಲಿ, ಟೆರೇಸು, ಅಂಗಳದ ಬಾಗಿಲ ಹತ್ತಿರ ಕೂತು ಮಾಡಿದರೆ ಪ್ಯಾಕ್ ಬಿಸಿಯಾಗಿ ಉಬ್ಬಲು ಶುರುವಾದ ಕೂಡಲೇ ಹೊರಗೆ ತಳ್ಳಬಹುದು. ಜ್ವಾಲೆ ಬಂದ ಮೇಲೆ ಕೈಯಲ್ಲಿ ಎತ್ತಲು ಹೋಗಬಾರದು, ಜನ ಹೊರಗೆ ಬರಬೇಕು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಪವರ್ ಇಲ್ಲದ್ದಾದರೂ ಸರಿ. ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಚುರುಮುರಿ ಮುಟ್ಟಬೇಡಿ, ಲೆಡ್ ಅಂದರೆ ಲೆಡ್ಡೇ.

ಇ-ಸೈಕಲ್, ಹುಬ್ಬಳ್ಳಿ

ಇದೇ ಎಳೆಯಲ್ಲಿ ಕೇಳಿಬಿಡುತ್ತೇನೆ. ನನ್ನ ಸೈಕಲ್‌ಗೆ 18650 ಎಂಬ ಉರುಳೆಯಾಕಾರದ ಲಿಥಿಯಂ ಸೆಲ್‌ಗಳಿಂದ ಪ್ಯಾಕ್ ಕಟ್ಟುತ್ತಿದ್ದೇನೆ. ಸ್ಪಾಟ್ ವೆಲ್ಡರ್ ಇಲ್ಲ. ಅಗಲ ಬಿಟ್, ಮೂರು ಸೆಕೆಂಡು, ಇದೇ ಲೆಕ್ಕದಲ್ಲಿ ಸೆಲ್ ಮೇಲೆ ನೇರವಾಗಿ ವೈರು ಸೋಲ್ಡರ್ ಮಾಡಬಹುದಾ?

ಹಳೇ ಕ್ವಾಡ್, ಮೈಸೂರು

ಬೇಡ. ಆ ಲೈಪೋದಲ್ಲಿ ಬಿಟ್‌ಗೂ ಸೆಲ್‌ಗೂ ನಡುವೆ ನಾಲ್ಕು ಇಂಚು ವೈರು ಇದೆ, ನಿಮ್ಮದರಲ್ಲಿ ಏನೂ ಇಲ್ಲ. ಸೆಲ್ ಒಳಗೆ ಪ್ಲಸ್, ಮೈನಸ್ ಪದರಗಳನ್ನು ಬೇರೆ ಇಡುವ ಪಾಲಿಥೀನ್ ಸೆಪರೇಟರ್ ಸುಮಾರು 130 ಡಿಗ್ರಿಗೆ ಮೆತ್ತಗಾಗುತ್ತದೆ, ನಿಮ್ಮ ಐರನ್ 380ರಲ್ಲಿದೆ. ಪಾಸಿಟಿವ್ ಕಡೆ ಮುಚ್ಚಳದ ಸುತ್ತ ಪ್ಲಾಸ್ಟಿಕ್ ಸೀಲ್ ಇದೆ, ಅದು ಕರಗಿದರೆ ಮುಚ್ಚಳಕ್ಕೂ ಹೊರಗಿನ ನೆಗೆಟಿವ್ ಡಬ್ಬಿಗೂ ನಡುವೆ ತಡೆಯೇ ಉಳಿಯುವುದಿಲ್ಲ. ಹೊರಗೆ ಏನೂ ಕಾಣುವುದಿಲ್ಲ, ತಿಂಗಳಾನುಗಟ್ಟಲೆ ಓಡಿಸಿ ಆಮೇಲೆ ಒಂದು ದಿನ ಚಾರ್ಜಿಗೆ ಹಾಕಿದಾಗ ತೊಂದರೆ. ಸ್ಪಾಟ್ ವೆಲ್ಡಿಂಗ್‌ನಲ್ಲಿ ಬಿಸಿ ಕೆಲವು ಮಿಲಿಸೆಕೆಂಡು ಮಾತ್ರ, ಅದೂ ಒಂದು ಚುಕ್ಕೆಯಲ್ಲಿ. ನಿಕ್ಕಲ್ ಪಟ್ಟಿ ವೆಲ್ಡ್ ಆಗಿಯೇ ಬರುವ ಸೆಲ್ ಸಿಗುತ್ತವೆ, ಅವನ್ನು ತಗೊಳ್ಳಿ. ಆ ಪಟ್ಟಿಯ ಹೊರಚಾಚಿದ ತುದಿಗೆ ಸೋಲ್ಡರ್ ಮಾಡಿದರೆ ನಡೆಯುತ್ತದೆ. ಆಟಿಕೆ ವಿಮಾನ ಬಿದ್ದರೆ ಥರ್ಮಾಕೋಲ್ ಹೋಗುತ್ತದೆ, ನೀವು ಕೂರುವುದು ಆ ಪ್ಯಾಕ್ ಮೇಲೆ.

ಲೈಪೋ ಪೌಚ್‌ನ (ಸೆಲ್‌ನ ಚೀಲದ) ಟ್ಯಾಬ್‌ಗೂ, ಅಂದರೆ ಹೊರಬಂದ ಲೋಹದ ಪಟ್ಟಿಗೂ, ಇದೇ ಮಾತು. ಪಾಸಿಟಿವ್ ಟ್ಯಾಬ್ ಅಲ್ಯುಮಿನಿಯಂ, ಅದಕ್ಕೆ ಸಾಮಾನ್ಯ ಲೆಡ್ ಹಿಡಿಯುವುದೇ ಇಲ್ಲ. ಪ್ಯಾಕ್‌ನ ಹೊದಿಕೆ ಬಿಚ್ಚಿ ಒಳಗೆ ಕೈ ಹಾಕುವ ಕೆಲಸ ಹವ್ಯಾಸಿಗಳದ್ದಲ್ಲ.

ದಾವಣಗೆರೆ ಗ್ಲೈಡರ್

ಎಲ್ಲರಿಗೂ ಥ್ಯಾಂಕ್ಸ್. ಪರಿಚಯದ ಟಿವಿ ರಿಪೇರಿ ಅಂಗಡಿಯವರ ಹತ್ತಿರ 60 ವ್ಯಾಟ್ ಐರನ್ ಎರವಲು ತಂದೆ. ಅಗಲ ಬಿಟ್‌ನಲ್ಲಿ ಮೊದಲು ಖಾಲಿ ವೈರಿನ ಮೇಲೆ ಅಭ್ಯಾಸ, ಆಮೇಲೆ ಬ್ಯಾಟರಿ. ಶಿರಸಿ ಅಣ್ಣ ಹೇಳಿದ ಹಾಗೆ ಲೆಡ್ ನೀರಿನಂತೆ ಎಳೆಗಳ ಒಳಗೆ ಇಳಿಯಿತು, 25 ವ್ಯಾಟ್‌ನಲ್ಲಿ ನಾನು ಮಾಡುತ್ತಿದ್ದದ್ದು ಸೋಲ್ಡರಿಂಗೇ ಅಲ್ಲ ಅನ್ನಿಸಿತು. ಎಳೆದು ನೋಡಿದೆ, ಬರಲಿಲ್ಲ. ಎಕ್ಸ್‌ಟಿ60ಯಲ್ಲಿ ಮೀಟರ್ 11.4 ವೋಲ್ಟ್ ತೋರಿಸುತ್ತಿದೆ, ಕೆಂಪು ಕಡ್ಡಿ ಪ್ಲಸ್ ಗುರುತಿನ ಕಡೆ ಇಟ್ಟಾಗ ಮೈನಸ್ ಚಿಹ್ನೆ ಬರಲಿಲ್ಲ. ಅಪ್ಪ ಪಕ್ಕದಲ್ಲೇ ನೀರಿನ ಬಕೆಟ್ ಹಿಡಿದು ನಿಂತಿದ್ದರು.

ಇಎಸ್‌ಸಿಗೆ ಇನ್ನೂ ಸಿಕ್ಕಿಸಿಲ್ಲ. ನೇರ ಸಿಕ್ಕಿಸಬಹುದಾ?

ಹಳೇ ಕ್ವಾಡ್, ಮೈಸೂರು

ಮೀಟರ್ ಸರಿ ತೋರಿಸಿದ್ದರೆ ಸಿಕ್ಕಿಸಬಹುದು. ಆದರೂ ಮೊದಲ ಸಲ ನಡುವೆ ಬೈಕಿನ ಇಂಡಿಕೇಟರ್ ಬಲ್ಬ್ ಇಡಿ, 12 ವೋಲ್ಟ್‌ನದು. ಪಾಸಿಟಿವ್ ವೈರಿನಲ್ಲಿ ಸೀರೀಸ್ ಆಗಿ ಬರುವಂತೆ ಒಂದು ಜೋಡಿ ಎಕ್ಸ್‌ಟಿ60ಗೆ ಕಟ್ಟಿಕೊಳ್ಳಿ. ಬಲ್ಬ್ ಒಂದು ಕ್ಷಣ ಮಿನುಗಿ ಆರಿದರೆ ಎಲ್ಲ ಸರಿ. ಹೊತ್ತಿಕೊಂಡೇ ಇದ್ದರೆ ಎಲ್ಲೋ ಶಾರ್ಟ್ ಅಥವಾ ಉಲ್ಟಾ ಇದೆ, ಬಲ್ಬೇ ಕರೆಂಟ್ ತಡೆದು ಇಎಸ್‌ಸಿ ಉಳಿಸಿತು ಎಂದರ್ಥ. ಬಲ್ಬ್ ಇರುವಾಗ ಮೋಟರ್ ಮಾತ್ರ ತಿರುಗಿಸಬೇಡಿ, ಪ್ರೊಪೆಲರ್ ಬಿಚ್ಚಿಡಿ.

ಬಲ್ಬ್ ತೆಗೆದು ನೇರ ಸಿಕ್ಕಿಸುವಾಗ ಚಟ್ ಅಂತ ಸಣ್ಣ ಕಿಡಿ ಬರುತ್ತದೆ. ಇಎಸ್‌ಸಿ ಒಳಗಿನ ಕೆಪಾಸಿಟರ್ ತುಂಬಿಕೊಳ್ಳುವ ಶಬ್ದ ಅದು, ನಿಮ್ಮ ಜಾಯಿಂಟ್‌ನ ತಪ್ಪಲ್ಲ. 3ಎಸ್‌ನಲ್ಲಿ ತಲೆ ಕೆಡಿಸಿಕೊಳ್ಳುವುದು ಬೇಡ. 6ಎಸ್‌ಗೆ ಹೋದಾಗ ಪಿನ್ ಸುಡಲು ಶುರುವಾಗುತ್ತದೆ, ಆಗ ಎಕ್ಸ್‌ಟಿ90-ಎಸ್ ಪ್ಲಗ್ ಹಾಕಿ, ಅದರೊಳಗೆ ಈ ಕಿಡಿ ತಡೆಯಲೆಂದೇ ಒಂದು ರೆಸಿಸ್ಟರ್ ಇದೆ. ಮೊದಲ ಹಾರಾಟ ಎರಡು ನಿಮಿಷಕ್ಕೆ ಇಳಿಸಿ ಕನೆಕ್ಟರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಬೆರಳು ಇಡಲಾಗದಷ್ಟು ಬಿಸಿ, ಅದರಲ್ಲೂ ಒಂದೇ ಪಿನ್ ಕಡೆ ಬಿಸಿ ಇದ್ದರೆ, ಆ ಜಾಯಿಂಟನ್ನು ಮತ್ತೆ ಮಾಡಿ.